ಎಸ್ಸೆಸ್ಸೆಲ್ಸಿ ಓದಿನ ಜತೆಗೇ ಮುಂದಿನ ಲೆಕ್ಕ

ಜನವರಿ ಬಂತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಪ್ರೌಢಶಾಲೆಗಳಲ್ಲಿ ಹತ್ತನೇ ತರಗತಿಗೆ ಬೇರೆಯದೇ ಕಾಲಮಾನ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಓದು, ನಡುವೆ ಪ್ರಿಪರೇಟರಿ. ಗೈರುಹಾಜರಾದ ಹುಡುಗನ ಮನೆಗೆ ಮೇಷ್ಟ್ರ ಫೋನು. ಈ ದುಡಿಮೆ ವ್ಯರ್ಥವಾಗಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ 2019ರಲ್ಲಿ ರಾಜ್ಯಕ್ಕೆ ಮೂರನೆಯದು, 2020ರಲ್ಲಿ ಎರಡನೆಯದು. ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂದು, ಕೃಪಾಂಕ ಕೊಟ್ಟರೂ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿದ 2024ರಲ್ಲೂ ಈ ಜಿಲ್ಲೆ ಶೇ 83.67 ಪಡೆದಿತ್ತು.

ಮಕ್ಕಳನ್ನು ಪಾಸು ಮಾಡಿಸುವ ವಿದ್ಯೆ ಇಲ್ಲಿನ ಶಾಲೆಗಳಿಗೆ ಗೊತ್ತಿದೆ. ತೊಡಕಿರುವುದು ಪಾಸಾದ ಮಾರನೆಯ ದಿನ. ‘ಮುಂದೇನು?’ ಎಂಬ ಪ್ರಶ್ನೆ ಬಹಳಷ್ಟು ಮನೆಗಳಲ್ಲಿ ಮೊದಲ ಸಲ ಏಳುವುದೇ ಫಲಿತಾಂಶ ಬಂದ ದಿನ. ಉತ್ತರವೂ ಅವತ್ತೇ ಸಿಗುತ್ತದೆ: ಪಕ್ಕದ ಮನೆಯ ಹುಡುಗ ಸೇರಿದ ಕಾಲೇಜು, ಇಲ್ಲವೇ ಊರ ಬಾಗಿಲಿಗೇ ವ್ಯಾನ್ ಕಳಿಸುವ ಕಾಲೇಜು. ‘ಸೈನ್ಸ್ ತಗೊಂಡ್ರೆ ಟ್ಯೂಷನ್‌ಗೆ ದುಡ್ಡು ಸುರೀಬೇಕು, ಆರ್ಟ್ಸ್ ತಗೊಂಡ್ರೆ ಮರ್ಯಾದೆ ಇಲ್ಲ, ಕಾಮರ್ಸ್‌ಗೆ ಹಾಕ್ಬಿಡಿ’ ಎಂದು ಮಾವನೋ ಚಿಕ್ಕಪ್ಪನೋ ತೀರ್ಪು ಕೊಡುತ್ತಾರೆ. ಪರೀಕ್ಷೆಗೆ ಹತ್ತು ತಿಂಗಳ ತಯಾರಿ; ಪರೀಕ್ಷೆಯ ನಂತರದ ಬದುಕಿಗೆ ಒಂದು ಸಂಜೆಯ ಮಾತುಕತೆ.

ಗೇಟ್ ಒಂದೇ, ಒಳಹೋಗುವ ದಾರಿ ಬೇರೆ

ಈ ಜಿಲ್ಲೆಯಲ್ಲಿ ಆ ಅವಸರಕ್ಕೆ ತೆರುವ ಬೆಲೆ ಹೆಚ್ಚು, ಏಕೆಂದರೆ ಕೆಲಸ ಮನೆ ಬಾಗಿಲಲ್ಲೇ ಇದೆ. ದೊಡ್ಡಬಳ್ಳಾಪುರಕ್ಕೆ ಬಾಶೆಟ್ಟಿಹಳ್ಳಿ, ಓಬದೇನಹಳ್ಳಿಯ ಕೈಗಾರಿಕಾ ಪ್ರದೇಶ. ನೆಲಮಂಗಲಕ್ಕೆ ದಾಬಸ್‌ಪೇಟೆ, ಸೋಂಪುರ. ಹೊಸಕೋಟೆಗೆ ವೋಲ್ವೊ ಕಾರ್ಖಾನೆ, ಸಾಲುಸಾಲು ಗೋದಾಮು. ದೇವನಹಳ್ಳಿಗೆ 2008ರಿಂದ ವಿಮಾನ ನಿಲ್ದಾಣ, ಈಚೆಗೆ ಐಫೋನ್ ಜೋಡಿಸುವ ಫಾಕ್ಸ್‌ಕಾನ್. ಹತ್ತನೇ ತರಗತಿ ಮುಗಿಸಿದವರು ಹದಿನೆಂಟು ತುಂಬಿದ ಕೂಡಲೇ ಕಾಂಟ್ರಾಕ್ಟರ್ ಕಡೆಯಿಂದ ಹೆಲ್ಪರ್ ಆಗಿ ಸೇರಬಹುದು. ತಿಂಗಳಿಗೆ ಸಂಬಳ ಎಣಿಸಬಹುದು. ಸಾಲದ ಕಂತು ಕಟ್ಟುವ ಮನೆಗೆ ಅದು ಸಣ್ಣ ಆಸೆಯಲ್ಲ.

ಆದರೆ ಅದೇ ಗೇಟಿನೊಳಗೆ ಐಟಿಐ ಫಿಟ್ಟರ್, ಎಲೆಕ್ಟ್ರಿಷಿಯನ್ ಬೇರೆ ಹುದ್ದೆಗೆ ಹೋಗುತ್ತಾರೆ, ಡಿಪ್ಲೊಮಾ ಮಾಡಿದವರು ಇನ್ನೊಂದಕ್ಕೆ. ಹೆಲ್ಪರ್‌ಗೆ ಮೂರು ವರ್ಷದ ಬಳಿಕವೂ ಕಾಂಟ್ರಾಕ್ಟ್ ಮುಗಿಯುವ ಭಯ ತಪ್ಪುವುದಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವನ ಕೈಯಲ್ಲಿ ಎಲ್ಲಿ ಹೋದರೂ ನಡೆಯುವ ಕಸುಬು ಇರುತ್ತದೆ. ಇದನ್ನು ಮಕ್ಕಳಿಗೆ ಹೇಳಬೇಕಾದದ್ದು ಫಲಿತಾಂಶದ ನಂತರವಲ್ಲ, ಓದುವಾಗಲೇ. ಎಲ್ಲಿಗೆ ಹೋಗಬೇಕೆಂದು ತಿಳಿದ ಮಗು ಯಾವ ವಿಷಯಕ್ಕೆ ಎಷ್ಟು ಹೊತ್ತು ಕೊಡಬೇಕೆಂದು ತಾನೇ ಲೆಕ್ಕ ಹಾಕುತ್ತದೆ.

ಗಣಿತದ ಪತ್ರಿಕೆಯನ್ನೇ ನೋಡಿ

ಮಕ್ಕಳು ಹೆಚ್ಚು ಹೆದರುವುದು ಗಣಿತಕ್ಕೆ. ಈಚಿನ ವರ್ಷಗಳ ಮಾದರಿಯಲ್ಲಿ 80 ಅಂಕಕ್ಕೆ 38 ಪ್ರಶ್ನೆ. ಒಂದು ಅಂಕದವು 16, ಅದರಲ್ಲಿ 8 ಬಹುಆಯ್ಕೆ. ಎರಡು ಅಂಕದವು 8, ಮೂರು ಅಂಕದವು 9, ನಾಲ್ಕು ಅಂಕದವು 4, ಐದು ಅಂಕದ್ದು ಒಂದು. ಎರಡು ಸಮೀಕರಣಗಳನ್ನು ನಕ್ಷೆಯಿಂದ ಬಿಡಿಸುವ ನಾಲ್ಕು ಅಂಕದ ಲೆಕ್ಕ, ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಎಂದು ಸಾಧಿಸುವ ಮೂರು ಅಂಕದ ಪ್ರಮೇಯ, ಸರಾಸರಿ–ಮಧ್ಯಾಂಕ–ಬಹುಲಕದ ಮೂರು ಅಂಕದ ಕೋಷ್ಟಕ: ಇವು ಮತ್ತೆಮತ್ತೆ ಬರುವಂಥವು. ಮೂರನ್ನೂ ಕೈಗೆ ಕೂರುವವರೆಗೆ ಬರೆದು ಕಲಿತರೆ ಹತ್ತು ಅಂಕ. ಥೇಲ್ಸ್ ಪ್ರಮೇಯ ಸೇರಿದರೆ ಇನ್ನಷ್ಟು.

ಈ ಅಂಕ ಜಾರುವುದು ಗೊತ್ತಿಲ್ಲದ್ದಕ್ಕಿಂತ ಅಜಾಗ್ರತೆಯಿಂದ. ನಕ್ಷೆ ಎಳೆದ ಹುಡುಗಿ ಅಕ್ಷಗಳ ಅಳತೆ ಬರೆಯುವುದಿಲ್ಲ. ರೇಖೆಗಳು ಕೂಡುವ ಬಿಂದುವನ್ನು ಗುರುತಿಸಿ, x, y ಬೆಲೆ ಬರೆಯುವುದನ್ನು ಮರೆಯುತ್ತಾಳೆ. ಪ್ರಮೇಯ ಪೂರ್ತಿ ಗೊತ್ತಿರುವ ಹುಡುಗ ದತ್ತ, ಸಾಧನೀಯ ಬರೆಯದೆ ನೇರ ಸಾಧನೆಗೆ ಹಾರುತ್ತಾನೆ. ಹಳೆಯ ಪತ್ರಿಕೆಯನ್ನು ಗಡಿಯಾರ ಮುಂದಿಟ್ಟುಕೊಂಡು ಬರೆಸಿ, ಮಂಡಳಿಯ ಮಾದರಿ ಉತ್ತರ ನೋಡಿ ಮಗುವೇ ತನ್ನ ಅಂಕ ಹಾಕಿಕೊಳ್ಳಲಿ. ಬರೀ ಓದುವುದಕ್ಕಿಂತ ಹೀಗೆ ಬರೆದು ತಿದ್ದಿಕೊಂಡದ್ದು ನೆನಪಲ್ಲಿ ನಿಲ್ಲುತ್ತದೆ. ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ 15 ನಿಮಿಷದಲ್ಲಿ ಯಾವುದರಿಂದ ಶುರು ಮಾಡಬೇಕೆಂದು ಗುರುತು ಹಾಕುವ ಅಭ್ಯಾಸವೂ ಈಗಲೇ ಆಗಲಿ.

ಮನೆಯ ಸ್ಥಿತಿಯನ್ನೂ ನೋಡಬೇಕು. ದೊಡ್ಡಬಳ್ಳಾಪುರದ ನೇಕಾರರ ಕೇರಿಗಳಲ್ಲಿ ಒಂದೇ ಸೂರಿನಡಿ ಮಗ್ಗವೂ ಸಂಸಾರವೂ. ಪವರ್‌ಲೂಮ್ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸದು, ಇತಿಹಾಸದ ಪಾಠ ತಲೆಗೆ ಹತ್ತುವುದೆಲ್ಲಿ? ಇಂಥ ಮಕ್ಕಳಿಗೆ ‘ಶಾಂತವಾದ ಕೋಣೆಯಲ್ಲಿ ಕೂತು ಓದು’ ಎನ್ನುವುದು ಉಪದೇಶವಷ್ಟೆ. ಸಂಜೆ ಎಂಟರವರೆಗೆ ತೆರೆದಿರುವ ಶಾಲೆಯ ಕೊಠಡಿ, ಗ್ರಂಥಾಲಯದ ಮೇಜು, ಪರೀಕ್ಷೆಯ ತಿಂಗಳಲ್ಲಿ ಬೆಳಗಿನ ಒಂದೆರಡು ಗಂಟೆ ಮಗ್ಗ ತಡವಾಗಿ ಶುರು ಮಾಡುವ ಮನಸ್ಸು: ಉಪಯೋಗಕ್ಕೆ ಬರುವುದು ಇವು.

ಮುಂದಿನ ದಾರಿಗಳು

ಪಿಯುಸಿ ಒಂದೇ ದಾರಿಯಲ್ಲ. ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ದಾರಿ ಇದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಹತ್ತನೇ ತರಗತಿ ಆದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ. ಕೊನೆಯ ವರ್ಷ ಕಾರ್ಖಾನೆಯಲ್ಲೇ ತರಬೇತಿ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಹೊಸ ಯಂತ್ರಗಳು ಬಂದಿವೆ. ಐಟಿಐ ಎಂದರೆ ‘ದಡ್ಡರಿಗೆ’ ಎಂದು ಮೂಗು ಮುರಿಯುವವರು ಒಮ್ಮೆ ಒಳಗೆ ಹೋಗಿ ನೋಡಿಬರಬೇಕು.

ಪಿಯುಸಿಯೇ ಎಂದಾದರೆ ವಿಷಯದ ಆಯ್ಕೆಯಲ್ಲಿ ಎಚ್ಚರ ಬೇಕು. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಬಾಗಿಲು ಮುಚ್ಚುತ್ತದೆ. ಜೀವಶಾಸ್ತ್ರ ಬಿಟ್ಟರೆ ವೈದ್ಯಕೀಯದ್ದು. ಹೊಲ ಇರುವ ಮನೆಯವರಿಗೆ ಇನ್ನೊಂದು ಮಾತು: ಪಕ್ಕದ ಜಿಕೆವಿಕೆಯೂ ಸೇರಿ ಕೃಷಿ ವಿಶ್ವವಿದ್ಯಾಲಯಗಳ ಬಿ.ಎಸ್ಸಿ ಕೃಷಿ ಪದವಿಗೆ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಬೆಳೆ ಗುರುತಿಸುವುದರಲ್ಲಿ ಹೊಲ ಕಂಡ ಮಗುವೇ ಮುಂದೆ. ದೂರದ ಕಾಲೇಜಿಗೆ ಹೆಣ್ಣುಮಗಳನ್ನು ಕಳಿಸಲು ಬಸ್ ಖರ್ಚಿನ ನೆಪ ಹೇಳುವ ಕಾಲವೂ ಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ.

ಕಾಗದಪತ್ರದ ಕಿರಿಕಿರಿ

ಅಂಕ ಇದ್ದೂ ಸೀಟು ತಪ್ಪುವುದು ಕಾಗದಕ್ಕೆ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ. ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುರುಜು ಬೇಕು. ಎರಡು ಮೂರು ಶಾಲೆ ಬದಲಿಸಿದ ಮಗುವಾದರೆ ಎಲ್ಲ ಶಾಲೆಗೂ ಅಲೆದಾಟ. ಜಾತಿ, ಆದಾಯ ಪತ್ರಕ್ಕೆ ನಾಡಕಚೇರಿಗೆ ಈಗಲೇ ಹೋಗಿಬನ್ನಿ. ಜೂನ್‌ನಲ್ಲಿ ಊರಿಗೆ ಊರೇ ಅಲ್ಲಿ ಸಾಲು ನಿಂತಿರುತ್ತದೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಆಧಾರ್‌ನಲ್ಲಿ ಒಂದು ಹೆಸರು, ಶಾಲೆ ದಾಖಲೆಯಲ್ಲಿ ಇನ್ನೊಂದು ಇದ್ದರೆ ಹಣ ಖಾತೆಗೆ ಬಾರದು. ಇನಿಷಿಯಲ್ ಹಿಂದೋ ಮುಂದೋ, ಹುಟ್ಟಿದ ತಾರೀಖು ಸರಿಯೋ ಎಂದು ಪರೀಕ್ಷೆಗೆ ಹೆಸರು ನೋಂದಾಯಿಸುವಾಗಲೇ ನೋಡಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ತಾರೀಖೇ ಮುಂದೆ ಪಾಸ್‌ಪೋರ್ಟ್‌ವರೆಗೆ ನಡೆಯುವುದು.

ಫೇಲಾದರೆ?

ಪಾಸಾಗಲು ಬೇಕಾದ ಅಂಕ ಶೇ 35ರಿಂದ 33ಕ್ಕೆ ಇಳಿದಿದೆ. 2025ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಈ ನಿಯಮದ ಪ್ರಕಾರ 625ಕ್ಕೆ ಒಟ್ಟು 206, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30. 2023–24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಪರೀಕ್ಷೆ–1ರಲ್ಲಿ ಕಡಿಮೆ ಬಂದರೆ ಮುಂದಿನದನ್ನು ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಉತ್ತರಪತ್ರಿಕೆಯ ನಕಲು ತರಿಸಿ ಮರುಮೌಲ್ಯಮಾಪನಕ್ಕೂ ಹೋಗಬಹುದು. ಒಂದು ವಿಷಯ ಹೋದರೆ ವರ್ಷವೇ ಹೋಯಿತು ಎನ್ನುವ ಕಾಲ ಇದಲ್ಲ. ಆದರೂ ಫಲಿತಾಂಶದ ವಾರ ಮನೆಯಲ್ಲಿ ಬೈಗುಳ, ನೆಂಟರೆದುರು ಹೋಲಿಕೆ ನಿಂತಿಲ್ಲ. ಮಗು ಊಟ ಬಿಟ್ಟು ಮೂಲೆ ಸೇರಿದರೆ ‘ಎಲ್ಲಾ ಸರಿಹೋಗುತ್ತೆ’ ಎಂದು ಕಾಯದೆ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಶಾಲೆಗಳು ಪರೀಕ್ಷೆಗೆ ಮುನ್ನ ಪೋಷಕರ ಸಭೆ ಕರೆಯುತ್ತವೆ. ಅಲ್ಲಿ ಹಾಜರಾತಿ, ಅಂಕಗಳ ಮಾತೇ ಹೆಚ್ಚು. ಆ ಸಭೆಗಳಲ್ಲಿ ಒಂದನ್ನು ಮುಂದಿನ ದಾರಿಗೇ ಮೀಸಲಿಡಲಿ. ಹತ್ತಿರದ ಐಟಿಐನ ಮೇಷ್ಟ್ರು, ಪಿಯು ಕಾಲೇಜಿನ ಉಪನ್ಯಾಸಕಿ, ಅದೇ ಶಾಲೆಯಲ್ಲಿ ಓದಿ ಈಗ ಡಿಪ್ಲೊಮಾ ಮಾಡುತ್ತಿರುವ ಅಕ್ಕ ಬಂದು ಮಾತಾಡಲಿ. ಹಾಲ್ ಟಿಕೆಟ್ ಕೈಗೆ ಬರುವ ಹೊತ್ತಿಗೆ ಪ್ರತಿ ಮಗುವಿನ ಬಳಿ ಒಂದು ಹಾಳೆ ಇರಲಿ: ಒಂದು ಮೊದಲ ಆಯ್ಕೆ, ಅದು ಸಿಗದಿದ್ದರೆ ಎರಡನೆಯದು, ಎರಡಕ್ಕೂ ಬೇಕಾದ ಅಂಕ, ಶುಲ್ಕ, ಬಸ್ಸಿನ ಸಮಯ. ಅದನ್ನು ಮಗುವೇ ಬರೆಯಲಿ. ಮಾವ, ಚಿಕ್ಕಪ್ಪಂದಿರು ಓದಿ ಆಮೇಲೆ ಮಾತಾಡಲಿ.