ಇದ್ದ ಹನ್ನೊಂದು ಮಂದಿಯನ್ನು ನೋಡಿ ಜಾಗ ಹಾಕು, ಮೋನೆ

ಶಿರಸಿಯಲ್ಲಿ ಜಡಿಮಳೆ ಹಿಡಿದರೆ ಮೈದಾನಕ್ಕೆ ಇಳಿಯುವ ಮಾತೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಚೆಂಡು ಅಟ್ಟ ಸೇರುತ್ತದೆ, ಮೊಬೈಲ್ ಕೈಗೆ ಬರುತ್ತದೆ. ಅಂಥದ್ದೇ ಒಂದು ಭಾನುವಾರ ರಾತ್ರಿ, ಅಲ್ಲಿನ ಹೋಟೆಲೊಂದರ ಶಟರ್ ಎಳೆದ ಮೇಲೆ, ಹಿಂದಿನ ಕೋಣೆಯಲ್ಲಿ ನಾವು ಕೂತಿದ್ದೆವು. ಮಾಲೀಕರ ಮಗ ಫೋನ್ ಅಡ್ಡ ಹಿಡಿದು ಫುಟ್ಬಾಲ್ ಆಡುತ್ತಿದ್ದ. ಎದುರಾಳಿ ಸಿದ್ದಾಪುರದಲ್ಲಿ, ಒಣಮೀನು ಅಂಗಡಿಯ ಹುಡುಗ. ಗೆದ್ದವನೊಡನೆ ಆಡಲು ಕಾಯಬೇಕಾದವನು ಯಲ್ಲಾಪುರದಲ್ಲಿ, ಹೆದ್ದಾರಿ ಬದಿಯ ಟಯರ್ ಅಂಗಡಿಯವನು. ಮೂವರೂ ಒಂದೇ ಮನೆತನದ ಮಕ್ಕಳು. ಇವರ ಅಜ್ಜ ಮಂಗಳೂರು ಕಡೆಯಿಂದ ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಂದವರು. ಮಕ್ಕಳು ಮೂರು ಊರಲ್ಲಿ ನೆಲೆ ನಿಂತರು. ಮನೆಯೊಳಗೆ ಬ್ಯಾರಿ, ಹೊರಗೆ ಕನ್ನಡ. ಹಬ್ಬಕ್ಕೋ ಮದುವೆಗೋ ಸೇರುವುದು ಬಿಟ್ಟರೆ ಈ ಹುಡುಗರು ಒಟ್ಟಾಗುವುದು ಭಾನುವಾರ ರಾತ್ರಿಯ ಈ ಆಟದಲ್ಲೇ.

ಆದರೆ ಆ ರಾತ್ರಿ ಯಲ್ಲಾಪುರದವನು ಬರಲೇ ಇಲ್ಲ. ಫೋನ್ ಮಾಡಿದರೆ, 'ನಾನು ಆಟ ಬಿಟ್ಟೆ' ಅಂದ.

ಕಾರಣ ಆಮೇಲೆ ತಿಳಿಯಿತು. ಮೂವರಲ್ಲಿ ಕಿರಿಯವನು, ಹದಿನೇಳರ ಹರೆಯ. ಸಾಲಾಗಿ ಹನ್ನೊಂದು ಆಟ ಸೋತಿದ್ದ. 'ನನ್ನ ಟೀಮ್ ಸರಿ ಇಲ್ಲ, ಒಳ್ಳೆ ಪ್ಲೇಯರ್ ಸಿಕ್ಕರೆ ಗೆಲ್ಲಬಹುದು' ಅಂದುಕೊಂಡು, ಅಂಗಡಿಯ ಯುಪಿಐಯಿಂದ ಮೂರು ಕಂತಿನಲ್ಲಿ ಒಟ್ಟು 2,400 ರೂಪಾಯಿ ತೆಗೆದು ಆಟಗಾರರ ಪ್ಯಾಕ್ ಕೊಂಡಿದ್ದ. ಪ್ಯಾಕ್ ಒಡೆದರೆ ಸಿಕ್ಕಿದ್ದು ಮತ್ತೊಬ್ಬ ಗೋಲ್ ಹೊಡೆಯುವವನು. ಬೇಕಿದ್ದದ್ದು ಅವನಲ್ಲ. ಹಣ ಹೋಯಿತು, ಸೋಲು ನಿಲ್ಲಲಿಲ್ಲ. ತಿಂಗಳ ಕೊನೆಗೆ ಲೆಕ್ಕ ನೋಡಿದ ಉಪ್ಪ ಕೈ ಎತ್ತಲಿಲ್ಲ, ಒಂದು ವಾರ ಮಾತು ಬಿಟ್ಟರು. ಹುಡುಗನಿಗೆ ಅದೇ ಹೆಚ್ಚು ನೋವಾಯಿತು.

ಸಂಖ್ಯೆಯ ಹಿಂದಿನ ಲೆಕ್ಕ

ಗೊತ್ತಿಲ್ಲದವರಿಗೆ ಒಂದು ಮಾತು. ಮೊದಲು 'ಪೆಸ್' ಎನ್ನುತ್ತಿದ್ದ ಆಟ 2021ರಲ್ಲಿ ಇ-ಫುಟ್ಬಾಲ್ ಆಯಿತು. 'ಫಿಫಾ' ಎನ್ನುತ್ತಿದ್ದದ್ದು 2023ರಲ್ಲಿ ಇಎ ಸ್ಪೋರ್ಟ್ಸ್ ಎಫ್‌ಸಿ ಆಯಿತು. ಹೆಸರು ಯಾವುದೇ ಇರಲಿ, ಆಡುವ ಮೊದಲು ಹನ್ನೊಂದು ಮಂದಿಯನ್ನು ಎಲ್ಲೆಲ್ಲಿ ನಿಲ್ಲಿಸುವುದೆಂದು ಆರಿಸಬೇಕು. ಅದೇ ಫಾರ್ಮೇಶನ್. ಗೋಲಿಯನ್ನು ಬಿಟ್ಟು, ಹಿಂದಿನಿಂದ ಮುಂದಕ್ಕೆ ಎಣಿಸುತ್ತಾರೆ. 4-3-3 ಅಂದರೆ ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು.

ನಮ್ಮ ಹುಡುಗ ಆರಿಸಿದ್ದು ಆ 4-3-3. ಯೂಟ್ಯೂಬ್‌ನಲ್ಲಿ ಯಾರೋ ದೊಡ್ಡ ಆಟಗಾರ ಅದನ್ನೇ ಆಡುತ್ತಿದ್ದನಂತೆ. ನೋಡಲು ಚಂದದ ರಚನೆ ಹೌದು. ಎರಡು ಬದಿಯಲ್ಲಿ ಓಡುವ ವಿಂಗರ್‌ಗಳು ಎದುರಾಳಿಯ ಬದಿ ಕಾವಲುಗಾರರನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತಾರೆ, ನಡುವೆ ಜಾಗ ತೆರೆಯುತ್ತದೆ. ಆದರೆ ಅದಕ್ಕೆ ಎರಡೂ ಬದಿಗೆ ಗಾಳಿಯಂತೆ ಓಡುವವರು ಬೇಕು. ಅವನ ಹತ್ತಿರ ಅಂಥವರು ಒಬ್ಬರೂ ಇರಲಿಲ್ಲ. ಇದ್ದದ್ದು ಗೋಲ್ ಮುಂದೆ ಕಾದು ಹೊಡೆಯುವ ಇಬ್ಬರು, ಅವರ ಹಿಂದೆ ನಿಂತು ಪಾಸ್ ಕೊಡುವ ಒಬ್ಬ ಜಾಣ. ಕಾದು ಹೊಡೆಯುವವನನ್ನು ಇವನು ಬದಿಗೆ ನಿಲ್ಲಿಸಿದ್ದ. ಜಾಣನನ್ನು ನಡುವಿನ ಮೂವರಲ್ಲಿ ಒಬ್ಬನಾಗಿ ಮಾಡಿ ಹಿಂದೆ ಓಡಾಡಿಸಿದ್ದ.

ಇ-ಫುಟ್ಬಾಲ್‌ನಲ್ಲಿ ಹೆಚ್ಚಿನ ಆಟಗಾರರಿಗೆ ಒಂದೊಂದು ಆಟದ ಶೈಲಿ ಇದೆ, ಆ ಶೈಲಿ ಕೆಲಸ ಮಾಡುವುದು ಅದಕ್ಕೆ ಹೊಂದುವ ಜಾಗದಲ್ಲಿ ಮಾತ್ರ. 'ಆಂಕರ್ ಮ್ಯಾನ್' ಎಂಬವನನ್ನು ರಕ್ಷಣಾ ಮಿಡ್‌ಫೀಲ್ಡ್ ಬಿಟ್ಟು ಬೇರೆಡೆ ನಿಲ್ಲಿಸಿದರೆ ಅವನ ಶೈಲಿ ಸತ್ತಂತೆ. ಮ್ಯಾನೇಜರ್‌ಗೂ ಹೀಗೆಯೇ. ಚೆಂಡು ಕೈಯಲ್ಲಿಟ್ಟು ಆಡುವುದು, ಕಸಿದ ತಕ್ಷಣ ಮುನ್ನುಗ್ಗುವುದು, ಉದ್ದ ಹೊಡೆದು ಓಡುವುದು, ಬದಿಯಿಂದ ಬರುವುದು ಎಂದು ಬೇರೆ ಬೇರೆ ದಾರಿಗಳಿವೆ. ಒಂದೊಂದು ಮ್ಯಾನೇಜರ್ ಒಂದೊಂದರಲ್ಲಿ ಗಟ್ಟಿ.

ಸೆವೆನ್ಸ್ ಆಡಿದ ಮಾಮ

ಹುಡುಗನ ಮಾಮ, ಅಂದರೆ ಶಿರಸಿಯ ಹೋಟೆಲ್ ಮಾಲೀಕರು, ಹರೆಯದಲ್ಲಿ ಕರಾವಳಿಯ ಗದ್ದೆಗಳಲ್ಲಿ ಸೆವೆನ್ಸ್ ಆಡಿದವರು. ಮೊಬೈಲಿನಲ್ಲಿ ಅವರಿಗೆ ಗೊತ್ತಿರುವುದು ಹಸಿರು ಬಟನ್, ಕೆಂಪು ಬಟನ್ ಅಷ್ಟೇ. ಮರುದಿನ ಅವರ ಜೀಪಿನಲ್ಲಿ ನಾವೂ ಯಲ್ಲಾಪುರಕ್ಕೆ ಹೋದೆವು. ಟಯರ್ ಅಂಗಡಿಯ ಬೆಂಚಿನಲ್ಲಿ ಹುಡುಗನನ್ನು ಪಕ್ಕ ಕೂರಿಸಿಕೊಂಡರು. ಹಣದ ಮಾತು ಎತ್ತಲೇ ಇಲ್ಲ.

'ಎಲ್ಲಿ, ನಿನ್ನ ಟೀಮ್ ತೋರಿಸು ಮೋನೆ.'

ತೋರಿಸಿದ.

'ಇವ ಎಂತಕ್ಕೆ ಬದಿಯಲ್ಲಿ ನಿಂತಿದ್ದಾನೆ? ಓಡ್ತಾನಾ?'

'ಇಲ್ಲ ಮಾಮ, ಶೂಟ್ ಒಳ್ಳೇದಿದೆ.'

'ಶೂಟ್ ಒಳ್ಳೇದಿದ್ದವನನ್ನು ಗೋಲಿನಿಂದ ದೂರ ನಿಲ್ಲಿಸಿದ್ದಿ. ನಮ್ಮ ಅಡುಗೆಯವನನ್ನು ಗಲ್ಲಾದಲ್ಲಿ ಕೂರಿಸಿ, ನಾನು ಪರೋಟ ತಟ್ಟಿದ ಹಾಗಾಯಿತು. ಹೋಟೆಲ್ ನಡೀತದಾ?'

ಹುಡುಗ ಆ ವಾರದಲ್ಲಿ ಮೊದಲ ಸಲ ನಕ್ಕ.

ಸೆವೆನ್ಸ್‌ನಲ್ಲಿ ಗೋಲಿ ಬಿಟ್ಟರೆ ಆರೇ ಮಂದಿ. ಬಂದವರು ಯಾರು ಎಂದು ನೋಡಿ ಜಾಗ ಹಾಕಬೇಕು, ಜಾಗ ಮೊದಲೇ ಬರೆದಿಟ್ಟು ಜನ ಹುಡುಕಲು ಆಗುವುದಿಲ್ಲ. ಮಾಮ ಹೇಳಿದ್ದು ಇಷ್ಟೇ. ಇಬ್ಬರು ಹೊಡೆಯುವವರು ಇದ್ದರೆ ಇಬ್ಬರನ್ನೂ ಮುಂದೆ ಬಿಡು, ಜಾಣನನ್ನು ಅವರ ಹಿಂದೆ ನಿಲ್ಲಿಸು, ಅವನ ಬೆನ್ನಿಗೆ ಮೂವರು ದುಡಿಯುವವರನ್ನು ಹಾಕು. ಫೋನಿನ ಭಾಷೆಯಲ್ಲಿ ಅದು 4-3-1-2.

ರಹೀಂ ಸಾಹೇಬರ ಪಾಠ

ವಾಪಸ್ ಬರುವಾಗ ಜೀಪಿನಲ್ಲಿ ಮಾಮ ನೆನಪಿಸಿದ್ದು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರನ್ನು. ಶಾಲಾ ಶಿಕ್ಷಕರಾಗಿದ್ದು ಭಾರತ ತಂಡದ ಕೋಚ್ ಆದವರು. 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಎಲ್ಲ ಅವರ ಕಾಲದ್ದು. 2024ರ 'ಮೈದಾನ್' ಹಿಂದಿ ಚಿತ್ರ ಅವರದೇ ಕತೆ.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯದ ಎದುರು 10-1ರಿಂದ ಸೋತಿತ್ತು. ರಹೀಂ ಸಾಹೇಬರು ಆಟ ಬಿಡಲಿಲ್ಲ, ತಂಡ ನಿಲ್ಲಿಸುವ ಕ್ರಮ ಬದಲಿಸಿದರು. 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಪ್ರಸಿದ್ಧಿಗೆ ತಂದ 4-2-4 ರಚನೆಯನ್ನು ಅದಕ್ಕೂ ಮೊದಲೇ ಭಾರತದಲ್ಲಿ ಆಡಿಸಿದವರೆಂಬ ಹೆಸರು ಅವರಿಗಿದೆ.

1962ರ ಜಕಾರ್ತದ ಸಂಗತಿ ಇನ್ನೂ ದೊಡ್ಡದು. ರಕ್ಷಣೆಯ ಕಂಬವಾಗಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದರು. ರಹೀಂ ಅವರನ್ನು ಮುಂದಕ್ಕೆ ತಂದು ಸೆಂಟರ್ ಫಾರ್ವರ್ಡ್ ಮಾಡಿದರು. ಗುಂಪಿನ ಪಂದ್ಯದಲ್ಲಿ ಭಾರತವನ್ನು 2-0ರಿಂದ ಸೋಲಿಸಿದ್ದ ದಕ್ಷಿಣ ಕೊರಿಯವೇ ಫೈನಲ್‌ನಲ್ಲಿ ಎದುರಾಯಿತು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಒಂದು ಗೋಲ್ ಹೊಡೆದರು, 2-1ರಿಂದ ಚಿನ್ನ ಬಂತು. ಆಗ ರಹೀಂ ಕ್ಯಾನ್ಸರ್‌ನಿಂದ ಬಳಲುತ್ತಿದ್ದರು, ಮರುವರ್ಷ 1963ರಲ್ಲಿ ತೀರಿಕೊಂಡರು. ಹಿಂದೆ ಆಡುವವನನ್ನು ಮುಂದೆ ಹಾಕಿದ್ದು ಜೂಜಲ್ಲ. ಅವನ ಎತ್ತರ, ಮೈಕಟ್ಟು, ಗುಂಡಿಗೆ ಎಲ್ಲ ಗೊತ್ತಿದ್ದು ಹಾಕಿದ್ದು.

ಮೂಲ ರಚನೆ ಆರಿಸುವ ಬಗೆ

ಮೂವರು ಹುಡುಗರೊಡನೆ ಮಾತಾಡಿ, ನಾವೂ ಕೂತು ಆಡಿ ಸೋತು ಕಲಿತದ್ದನ್ನು ಇಲ್ಲಿ ಹೇಳುತ್ತೇವೆ.

ಮೊದಲು ನಿಮ್ಮಲ್ಲಿರುವ ಅತ್ಯುತ್ತಮ ಮೂವರು ಯಾರು, ಅವರ ಸ್ವಂತ ಜಾಗ ಯಾವುದು ನೋಡಿ. ಆ ಮೂವರಿಗೂ ಅವರವರ ಜಾಗ ಸಿಗುವ ರಚನೆಯೇ ನಿಮ್ಮದು. ಬದಿಯಲ್ಲಿ ಓಡುವವರಿದ್ದರೆ 4-3-3. ಒಬ್ಬನೇ ಗೋಲ್ ಹೊಡೆಯುವವ, ಅವನ ಹಿಂದೆ ಜಾಣರು ಇದ್ದರೆ 4-2-3-1. ಇದರಲ್ಲಿ ಇಬ್ಬರು ಹಿಂದೆ ಕಾಯುವುದರಿಂದ ಹೊಸಬರಿಗೆ ಧೈರ್ಯ. ಯಾರೂ ವಿಶೇಷ ಇಲ್ಲ, ಎಲ್ಲರೂ ಸಾಧಾರಣ ಅಂದರೆ 4-4-2. ಪ್ರತಿಯೊಬ್ಬನ ಕೆಲಸ ಅದರಲ್ಲಿ ಸ್ಪಷ್ಟ. ಹಿಂದೆ ಮೂವರು ಗಟ್ಟಿಗರು, ಬದಿಯಲ್ಲಿ ದಣಿಯದವರು ಇದ್ದರೆ ಮಾತ್ರ 3-5-2.

ಎರಡನೆಯದು, ರಚನೆಯ ಬಾಗಿಲು ಎಲ್ಲಿ ತೆರೆದಿದೆ ಎಂದು ತಿಳಿದಿರಬೇಕು. 4-3-1-2ರಲ್ಲಿ ಬದಿ ಖಾಲಿ. ಹಿಂದಿನ ಬದಿಯವರು ಮುಂದೆ ಹೋಗಬೇಕಾಗುತ್ತದೆ, ಆದರೆ ಇಬ್ಬರೂ ಒಟ್ಟಿಗೆ ಹೋದರೆ ಎದುರಾಳಿಯ ಒಂದೇ ಉದ್ದ ಪಾಸಿಗೆ ಕತೆ ಮುಗಿಯಿತು. ಒಬ್ಬ ಹೋದರೆ ಒಬ್ಬ ನಿಲ್ಲಬೇಕು.

ಮೂರನೆಯದು ನಮ್ಮ ಘಟ್ಟದ್ದೇ ಪಾಠ, ನೆಟ್‌ವರ್ಕ್. ಮಳೆ ಗಾಳಿಗೆ ಕರೆಂಟ್ ಹೋಗಿ ಸಿಗ್ನಲ್ ಎರಡು ಕಡ್ಡಿಗೆ ಇಳಿದರೆ, ಒತ್ತಿದ ಬಟನ್ ಅರ್ಧ ಸೆಕೆಂಡ್ ತಡವಾಗಿ ಕೆಲಸ ಮಾಡುತ್ತದೆ. ಮೇಲೆ ಹೋಗಿ ಒತ್ತಿ ಆಡುವ, ಪುಟ್ಟ ಪುಟ್ಟ ಪಾಸಿನ ಆಟಕ್ಕೆ ಅದು ಆಗಿಬರುವುದಿಲ್ಲ. ಸಿದ್ದಾಪುರದವನು ಅದಕ್ಕೇ ಹಿಂದೆ ನಿಂತು, ಕಸಿದು, ಉದ್ದ ಹೊಡೆಯುವ ಆಟಕ್ಕೆ ಇಳಿದಿದ್ದಾನೆ. 'ಬೆಂಗಳೂರಿನ ಫೈಬರ್‌ನಲ್ಲಿ ಆಡುವವನ ಫಾರ್ಮೇಶನ್ ನಮ್ಮ ಹಂಚಿನ ಮನೆಗೆ ಆಗೂದಿಲ್ಲ' ಎನ್ನುವುದು ಅವನ ಮಾತು.

ನಾಲ್ಕನೆಯದು, ಆರಿಸಿದ ಮೇಲೆ ಹತ್ತು ಆಟದವರೆಗೆ ಬದಲಿಸಬೇಡಿ. ಸೋತಾಗಲೆಲ್ಲ ರಚನೆ ಬದಲಿಸುವವನಿಗೆ ಯಾವುದೂ ಕೈಗೆ ಕೂರುವುದಿಲ್ಲ. ಬಿದ್ದ ಗೋಲು ಎಲ್ಲಿಂದ ಬಂತು, ಬದಿಯಿಂದಲೋ ನಡುವಿನಿಂದಲೋ ಎಂದು ಒಂದು ಕಾಗದದಲ್ಲಿ ಬರೆದಿಡಿ. ಹತ್ತು ಆಟಕ್ಕೆ ರೋಗ ತಾನೇ ಕಾಣುತ್ತದೆ. ಕೊನೆಗೆ ಹಿಂದೆ ಬಿದ್ದಿದ್ದರೆ ನಡುವಿನ ಒಬ್ಬನನ್ನು ತೆಗೆದು ಮುಂದೆ ಒಬ್ಬನನ್ನು ಹಾಕುವುದು, ಮುಂದಿದ್ದರೆ ಮುಂದಿನವನನ್ನು ಕೆಳಗೆ ತರುವುದು, ಇಷ್ಟು ಬದಲಾವಣೆ ಸಾಕು.

ಹೆತ್ತವರಿಗೆ

ಇದನ್ನೆಲ್ಲ ಓದಿ 'ಮೊಬೈಲ್ ಆಟಕ್ಕೆ ಇಷ್ಟು ವಕಾಲತ್ತಾ' ಎನ್ನುವ ಉಮ್ಮಂದಿರು ಇರಬಹುದು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಫುಟ್ಬಾಲ್ ವಿಡಿಯೋ ಗೇಮ್‌ಗೂ ಪದಕ ಇತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯಿದೆ ಇ-ಸ್ಪೋರ್ಟ್ಸ್‌ಗೆ ಮನ್ನಣೆ ಕೊಟ್ಟಿದೆ, ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಹಾಗೆಂದು ಮಕ್ಕಳ ಕೈಗೆ ಯುಪಿಐ ಪಿನ್ ಕೊಟ್ಟು ಕೂರಬೇಡಿ. ಪ್ಯಾಕ್ ಒಡೆಯುವ ಆಸೆಗೆ ತಳ ಇಲ್ಲ. ಏನು ಸಿಗುತ್ತದೆ ಎಂದು ಗೊತ್ತಿಲ್ಲದೆ ಕೊಡುವ ಹಣ ಅದು. ಸೋಲಿಗೆ ಮದ್ದು ಹೆಚ್ಚಿನ ಸಲ ಹೊಸ ಆಟಗಾರನಲ್ಲಿ ಇರುವುದಿಲ್ಲ, ಇದ್ದವನನ್ನು ನಿಲ್ಲಿಸಿದ ಜಾಗದಲ್ಲಿ ಇರುತ್ತದೆ.

ಇನ್ನೊಂದು ಮಾತು. ಹುಡುಗ ಸೋಲುತ್ತಿದ್ದದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಹಣ ತೆಗೆಯುವ ತನಕ ಹೋಗುತ್ತಿರಲಿಲ್ಲವೇನೋ. ಆಟ ಬಾರದ ಮಾಮ ಪಕ್ಕದಲ್ಲಿ ಕೂತು 'ತೋರಿಸು' ಅಂದದ್ದು ಅರ್ಧ ಕೆಲಸ ಮಾಡಿತು.

ಈಗ ಅವನು ಕಾಲೇಜು ಬಿಟ್ಟ ಮೇಲೆ ಸಂಜೆ ಅಂಗಡಿಯಲ್ಲಿ ನಿಲ್ಲುತ್ತಾನೆ. ಅರಬೈಲ್ ಘಟ್ಟ ಹತ್ತಿ ಬರುವ ಲಾರಿಗಳಿಗೆ ಗಾಳಿ ಹಿಡಿದು, ಪಂಕ್ಚರ್ ಹಾಕಿ, 2,400ರಲ್ಲಿ 1,500 ಉಪ್ಪನ ಕೈಗೆ ತೀರಿಸಿದ್ದಾನೆ. ಉಪ್ಪ ಮಾತಾಡುತ್ತಿದ್ದಾರೆ.

ಎರಡು ವಾರ ಬಿಟ್ಟು ಭಾನುವಾರ ಅವನು ಮತ್ತೆ ಆಟಕ್ಕೆ ಬಂದ. ನಾವು ಶಿರಸಿಯ ಅದೇ ಕೋಣೆಯಲ್ಲಿದ್ದೆವು. ಸಿದ್ದಾಪುರದವನ ಎದುರು 2-1ರಿಂದ ಸೋತ. ಶಿರಸಿಯವನ ಎದುರು 1-1. ಗೋಲ್ ಬಂದದ್ದು ಬದಿಯಲ್ಲಿ ಕೊಳೆಯುತ್ತಿದ್ದ ಆ ಹೊಡೆಯುವವನಿಂದಲೇ. ಸ್ಪೀಕರ್ ಹಾಕಿದ ಫೋನಿನಲ್ಲಿ ಮೂವರೂ ಒಟ್ಟಿಗೆ ಕೂಗಿದ್ದು ಕೇಳಿ, ಪಾತ್ರೆ ತೊಳೆಯುತ್ತಿದ್ದ ಮಾಮಿ ಒಳಗಿಂದಲೇ 'ಯಾರು ಗೆದ್ದದ್ದು?' ಅಂತ ಕೇಳಿದರು.

'ಯಾರೂ ಇಲ್ಲ' ಅಂದ ಮಗ. 'ಅವ ವಾಪಸ್ ಬಂದ.'