ಮುಸನ್ನಾ ಕಡಲಿನಲ್ಲಿ ಒಂದು ವಾರ

ಮಸ್ಕತ್‌ನಿಂದ ಸೊಹಾರ್ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸೀಬ್ ಮತ್ತು ಬರ್ಕಾ ಪಟ್ಟಣಗಳನ್ನು ದಾಟಿ, ಸುಮಾರು ನೂರು ಕಿಲೋಮೀಟರ್ ಕ್ರಮಿಸಿದ ಬಳಿಕ ಬಲಕ್ಕೆ ಕಡಲಿನತ್ತ ತಿರುಗಿದರೆ ಅಲ್ ಮುಸನ್ನಾ ಸಿಗುತ್ತದೆ. ಎಡಗಡೆ ದೂರದಲ್ಲಿ ಬೋಳುಬೆಟ್ಟಗಳ ಸಾಲು, ಬಲಗಡೆ ಖರ್ಜೂರದ ತೋಟಗಳು, ಅವುಗಳಾಚೆ ನೀಳವಾದ ಮರಳದಂಡೆ. 2010ರ ಡಿಸೆಂಬರಿನಲ್ಲಿ ಎರಡನೆಯ ಏಷ್ಯನ್ ಬೀಚ್ ಕ್ರೀಡಾಕೂಟ ಒಮಾನಿನಲ್ಲಿ ನಡೆದಾಗ, ಅದಕ್ಕಾಗಿ ಇಲ್ಲಿ ಒಂದು ಕ್ರೀಡಾನಗರಿಯನ್ನೇ ಕಟ್ಟಲಾಯಿತು. ಇಂದು ಮಸ್ಕತ್‌ನ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಈ ಊರು ಗೊತ್ತಿರುವುದು ವಾರಾಂತ್ಯದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ವಿಹಾರತಾಣವಾಗಿ ಮಾತ್ರ. ನಾನೂ ಅವರಲ್ಲಿ ಒಬ್ಬ. ಭಾರತೀಯ ಕ್ರೀಡಾ ಇತಿಹಾಸದ ಒಂದು ಪುಟ ಇದೇ ನೀರಿನ ಮೇಲೆ ತೆರೆದುಕೊಂಡಿತೆಂಬುದು ನನಗೆ ಬಹುಕಾಲ ತಿಳಿದೇ ಇರಲಿಲ್ಲ.

ಆ ಪುಟಕ್ಕೆ ಹೋಗುವ ಮೊದಲು ಈ ದಂಡೆಯ ಹಳೆಯ ದೋಣಿಗಳ ಬಗೆಗೆ ಎರಡು ಮಾತು ಹೇಳಬೇಕು. ಬಾತಿನಾ ಎಂದು ಕರೆಯಲಾಗುವ ಈ ಕರಾವಳಿಯಲ್ಲಿ ಬೆಸ್ತರು ಬಳಸುತ್ತಿದ್ದ ‘ಶಾಶಾ’ ಎಂಬ ಪುಟ್ಟ ದೋಣಿಗೆ ಹಲಗೆಯೂ ಇಲ್ಲ, ಮೊಳೆಯೂ ಇಲ್ಲ. ಖರ್ಜೂರದ ಗರಿಗಳ ದಿಂಡುಗಳನ್ನು ಹಗ್ಗದಿಂದ ಬಿಗಿದು ಕಟ್ಟುತ್ತಾರೆ. ನೀರು ಅದರೊಳಗೆ ಸಲೀಸಾಗಿ ನುಗ್ಗುತ್ತದೆ, ಆದರೂ ಅದು ಮುಳುಗದು. ದಡಕ್ಕೆ ಬಂದ ಮೇಲೆ ಮರಳಿನ ಮೇಲೆಳೆದು ಒಣಗಿಸಿದರೆ ಮರುದಿನಕ್ಕೆ ಮತ್ತೆ ಸಿದ್ಧ. ಇನ್ನೊಂದು ‘ಹೂರಿ’. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ, ನಮ್ಮ ಕರಾವಳಿಯ ಪಾತಿ ದೋಣಿಯ ಸೋದರನಂತಿರುವ ದೋಣಿ ಅದು. ಮರಗಳಿಲ್ಲದ ಒಮಾನಿಗೆ ಇಂಥ ದಿಮ್ಮಿ ಎಲ್ಲಿಂದ ಬರಬೇಕು? ಮಲಬಾರಿನ ಮಾವಿನ ಮರಗಳನ್ನು ಕೊರೆದು ಮಾಡಿದ ಹೂರಿಗಳು ಹಡಗುಗಳಲ್ಲಿ ಇಲ್ಲಿಗೆ ಬರುತ್ತಿದ್ದವು. ಸಣ್ಣ ದೋಣಿಯೊಂದಿಗೆ ಅರಬ್ಬೀ ಸಮುದ್ರದ ಎರಡೂ ದಡಗಳಿಗಿದ್ದ ನಂಟು ಅಷ್ಟು ಹಳೆಯದು. ಆದರೆ ಹುಟ್ಟು ಹಿಡಿದ ಕೈ ಎರಡೂ ದಡಗಳಲ್ಲಿ ಗಂಡಸಿನದೇ ಆಗಿತ್ತು. ಹೆಣ್ಣುಮಕ್ಕಳ ಪಾಲಿಗೆ ಬಂದದ್ದು ದಡದಲ್ಲಿ ಮೀನು ಒಣಗಿಸುವ, ಮಾರುವ ಕೆಲಸ.

2021ರ ಏಪ್ರಿಲ್ ಮೊದಲ ವಾರ. ಕೋವಿಡ್‌ನಿಂದಾಗಿ ಒಂದು ವರ್ಷ ಮುಂದೂಡಲ್ಪಟ್ಟಿದ್ದ ಟೋಕಿಯೊ ಒಲಿಂಪಿಕ್ಸ್‌ಗೆ ಏಷ್ಯಾದ ಹಾಯಿದೋಣಿ ಸ್ಪರ್ಧಿಗಳನ್ನು ಆರಿಸುವ ಪಂದ್ಯಗಳು ಮುಸನ್ನಾದಲ್ಲಿ ನಡೆದವು. ಆ ದಿನಗಳು ಇಲ್ಲಿದ್ದ ಯಾರಿಗೂ ಮರೆತಿರಲಾರವು. ರಾತ್ರಿ ಎಂಟಾಗುತ್ತಲೇ ಅಂಗಡಿಗಳು ಬಾಗಿಲು ಹಾಕುತ್ತಿದ್ದವು, ಊರಿಗೆ ಹೋದವರು ಮರಳಿ ಬರಲಾಗುವುದೋ ಇಲ್ಲವೋ ಎಂದು ದಿನವೂ ಸುದ್ದಿ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ಚೆನ್ನೈನ 23 ವರ್ಷದ ನೇತ್ರಾ ಕುಮನನ್ ತನ್ನ ಲೇಸರ್ ರೇಡಿಯಲ್ ದೋಣಿಯನ್ನು ಮುಸನ್ನಾದ ನೀರಿಗಿಳಿಸಿದರು.

ಈ ದೋಣಿಯನ್ನು ನೋಡದವರಿಗಾಗಿ ಸ್ವಲ್ಪ ವಿವರ. ಉದ್ದ ನಾಲ್ಕು ಮೀಟರಿಗಿಂತ ತುಸು ಹೆಚ್ಚು, ಒಡಲಿನ ತೂಕ ಸುಮಾರು 59 ಕಿಲೋ, ಹಾಯಿಯ ವಿಸ್ತಾರ 5.76 ಚದರ ಮೀಟರ್. ಎಂಜಿನ್ ಇಲ್ಲ, ಹುಟ್ಟು ಇಲ್ಲ, ಜೊತೆಗಾರರಿಲ್ಲ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಾಯಿಯ ಹಗ್ಗ. ಗಾಳಿ ದೋಣಿಯನ್ನು ಒಂದು ಬದಿಗೆ ವಾಲಿಸಿದಾಗ, ದೋಣಿಯೊಳಗಿನ ಪಟ್ಟಿಗೆ ಪಾದ ಸಿಕ್ಕಿಸಿಕೊಂಡು ಇಡೀ ಮೈಯನ್ನು ಇನ್ನೊಂದು ಬದಿಯಿಂದ ನೀರಿನ ಮೇಲೆ ಚಾಚಿ ಸಮತೋಲ ಕಾಯಬೇಕು. ತೊಡೆ ಮತ್ತು ಹೊಟ್ಟೆಯ ಸ್ನಾಯುಗಳು ಉರಿಯುತ್ತಿರುವಾಗಲೇ ಮುಂದಿನ ಗಾಳಿ ಯಾವ ದಿಕ್ಕಿನಿಂದ ಬಂದೀತೆಂದು ನೀರಿನ ಬಣ್ಣ ನೋಡಿ ಊಹಿಸಬೇಕು. ಅಂಕಗಳ ಲೆಕ್ಕವೂ ನಮಗೆ ಅಭ್ಯಾಸವಿರುವುದಕ್ಕಿಂತ ತಿರುಗುಮುರುಗು: ಮೊದಲ ಸ್ಥಾನಕ್ಕೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಸಾಗಿ ಕೊನೆಗೆ ಕಡಿಮೆ ಅಂಕ ಪಡೆದವರೇ ಗೆದ್ದವರು. ಒಂದು ದಿನದ ಅದೃಷ್ಟ ಇಲ್ಲಿ ನಡೆಯುವುದಿಲ್ಲ. ವಾರವಿಡೀ, ಪಂದ್ಯದ ಮೇಲೆ ಪಂದ್ಯ, ಒಂದೇ ಹದದಲ್ಲಿ ಆಡಬೇಕು.

ನೇತ್ರಾ ಹಾಯಿ ಹಿಡಿದದ್ದು 2009ರಲ್ಲಿ, ಚೆನ್ನೈಯ ಬೇಸಿಗೆ ಶಿಬಿರವೊಂದರಲ್ಲಿ. ಭರತನಾಟ್ಯವನ್ನೂ ಕಲಿತ ಹುಡುಗಿ. 2014 ಮತ್ತು 2018ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಸ್ಪರ್ಧಿಸಿದರು. ಮುಂದೆ ಸ್ಪೇನಿಗೆ ಸೇರಿದ ಗ್ರಾನ್ ಕನೇರಿಯಾ ದ್ವೀಪದಲ್ಲಿ ಹಂಗೆರಿಯ ಮಾಜಿ ಒಲಿಂಪಿಯನ್ ತಮಾಶ್ ಎಸೆಸ್ ಅವರ ಬಳಿ ತರಬೇತಿ ಪಡೆದರು. 2020ರ ಜನವರಿಯಲ್ಲಿ ಮಯಾಮಿಯ ವಿಶ್ವಕಪ್ ಸರಣಿಯಲ್ಲಿ ಕಂಚು ಗೆದ್ದು, ಆ ಮಟ್ಟದಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಅದೇ ವರ್ಷದ ಮಾರ್ಚಿನಲ್ಲಿ ಜಗತ್ತೇ ಬಾಗಿಲು ಹಾಕಿಕೊಂಡಿತು. ಕೈಗೆ ಬಂದ ಲಯ ಕಳೆದುಹೋಗಲು ಒಬ್ಬ ಕ್ರೀಡಾಪಟುವಿಗೆ ಒಂದು ವರ್ಷ ಧಾರಾಳ ಸಾಕು.

ಅದು ಕಳೆದುಹೋಗಿರಲಿಲ್ಲವೆಂದು ಮುಸನ್ನಾ ತೋರಿಸಿತು. ಏಪ್ರಿಲ್ 7ರಂದು, ಕೊನೆಯ ಪಂದ್ಯ ಇನ್ನೂ ಬಾಕಿಯಿರುವಾಗಲೇ, ಅರ್ಹತೆಗಾಗಿ ಸೆಣಸುತ್ತಿದ್ದವರಲ್ಲಿ ನೇತ್ರಾ ತಮ್ಮ ಸಮೀಪದ ಸ್ಪರ್ಧಿಗಿಂತ 21 ಅಂಕಗಳಷ್ಟು ಮುಂದಿದ್ದರು. ಆ ಅಂತರವನ್ನು ಮುರಿಯುವುದು ಯಾರಿಗೂ ಸಾಧ್ಯವಿರಲಿಲ್ಲ. ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗೆ ಅರ್ಹತೆ ಗಳಿಸಿದ ಮೊದಲ ಭಾರತೀಯ ಮಹಿಳೆ ಅವರು. ಆ ಸಮೀಪದ ಸ್ಪರ್ಧಿಯೂ ಭಾರತದವರೇ, ರಮ್ಯಾ ಸರವಣನ್ ಎಂಬುದನ್ನು ಸುದ್ದಿಯ ಭರಾಟೆಯಲ್ಲಿ ಹೆಚ್ಚಿನವರು ಗಮನಿಸಲಿಲ್ಲ. ನನಗಂತೂ ಅದು ಮೊದಲ ಸುದ್ದಿಯಷ್ಟೇ ದೊಡ್ಡದಾಗಿ ಕಂಡಿತು. ಒಬ್ಬಳು ಗೆದ್ದರೆ ಅಪವಾದ ಎನ್ನಬಹುದು. ಇಬ್ಬರು ಒಂದೇ ಸ್ಥಾನಕ್ಕಾಗಿ ಸೆಣಸಿದರೆ ಹಾಗೆನ್ನಲಾಗದು.

ಮರುದಿನ ವಿಷ್ಣು ಸರವಣನ್, ಮತ್ತು 49ಅರ್ ಎಂಬ ಇಬ್ಬರ ದೋಣಿಯಲ್ಲಿ ಕೆ.ಸಿ. ಗಣಪತಿ ಹಾಗೂ ವರುಣ್ ಠಕ್ಕರ್ ಜೋಡಿ ಅರ್ಹತೆ ಪಡೆದರು. ಗಣಪತಿ ಚೆನ್ನೈಯಲ್ಲಿ ಬೆಳೆದವರಾದರೂ ಕೊಡಗಿನ ಕೇಳಪಂಡ ಮನೆತನದವರು. ಕಾಫಿತೋಟದ ನಾಡಿನ ಮನೆತನದ ಹೆಸರೊಂದು ಒಮಾನಿನ ಕಡಲಿನಿಂದ ಒಲಿಂಪಿಕ್ಸ್‌ಗೆ ಹೋಯಿತೆಂಬ ಸಂಗತಿ ಅಂದೇ ತಿಳಿದಿದ್ದರೆ ನಾವು ಮಸ್ಕತ್ ಕನ್ನಡಿಗರು ಫೋನಿನಲ್ಲಾದರೂ ಹಬ್ಬ ಮಾಡುತ್ತಿದ್ದೆವು. ಭಾರತ ಒಂದೇ ಒಲಿಂಪಿಕ್ಸ್‌ನ ಮೂರು ಹಾಯಿದೋಣಿ ವಿಭಾಗಗಳಲ್ಲಿ ಸ್ಪರ್ಧಿಸಿದ್ದು ಅದೇ ಮೊದಲು. ಆ ಮೂರೂ ಅವಕಾಶಗಳು ದಕ್ಕಿದ್ದು ಇದೇ ದಂಡೆಯಲ್ಲಿ.

ಎಂಥ ಕೂದಲೆಳೆಯ ಅಂತರದಲ್ಲಿ ಎಂಬುದನ್ನೂ ನೆನೆಯಬೇಕು. ಪಂದ್ಯಗಳು ಮುಗಿದ ಏಪ್ರಿಲ್ 8ರಂದೇ ಒಮಾನ್ ತನ್ನ ಪ್ರವೇಶವನ್ನು ನಾಗರಿಕರಿಗೂ ಇಲ್ಲಿನ ನಿವಾಸಿಗಳಿಗೂ ಸೀಮಿತಗೊಳಿಸಿತು. 24ರಿಂದ ಭಾರತದಿಂದ ಬರುವವರಿಗೆ ಬಾಗಿಲು ಪೂರ್ತಿ ಮುಚ್ಚಿತು. ರಜೆಗೆಂದು ಊರಿಗೆ ಹೋಗಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ. ಪಂದ್ಯಾವಳಿ ಮೂರು ವಾರ ತಡವಾಗಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಪಂದ್ಯ ನಡೆಸಿದವರ ಕಥೆಯೂ ಹೇಳುವಂಥದ್ದು. ಒಮಾನಿನ ಕಡಲ ಪರಂಪರೆಯನ್ನು ಮರಳಿ ಎಚ್ಚರಿಸಲೆಂದು 2008ರಲ್ಲಿ ಆರಂಭವಾದ ‘ಒಮಾನ್ ಸೇಲ್’ ಸಂಸ್ಥೆ, 2011ರಲ್ಲಿ ಮಹಿಳೆಯರಿಗಾಗಿಯೇ ಹಾಯಿದೋಣಿ ತರಬೇತಿಯನ್ನು ತೊಡಗಿತು. ಒಮಾನಿನ ಮೊದಲ ಮಹಿಳಾ ಒಲಿಂಪಿಯನ್ ಬುಥೈನಾ ಅಲ್ ಯಾಕೂಬಿ ಬೀಜಿಂಗ್‌ನಲ್ಲಿ ನೂರು ಮೀಟರ್ ಓಡಿ ಆಗ ಮೂರೇ ವರ್ಷವಾಗಿತ್ತು. 2012ರ ‘ಸೇಲಿಂಗ್ ಅರೇಬಿಯಾ’ ಪಂದ್ಯದಲ್ಲಿ, ಬ್ರಿಟನ್ನಿನ ಹೆಸರಾಂತ ನಾವಿಕೆ ಡೀ ಕಫಾರಿ ನಾಯಕತ್ವದ ಮಹಿಳಾ ತಂಡದಲ್ಲಿ ಒಮಾನಿ ಯುವತಿಯರೂ ಇದ್ದರು. ಒಂಟಿಯಾಗಿ, ಎಲ್ಲಿಯೂ ತಂಗದೆ, ಪೂರ್ವ ಪಶ್ಚಿಮ ಎರಡೂ ದಿಕ್ಕಿನಲ್ಲಿ ಭೂಮಿಯನ್ನು ಸುತ್ತಿದ ಮೊದಲ ಮಹಿಳೆ ಕಫಾರಿ. ಹೀಗೆ ಮುಂದೆ ಬಂದ ರಾಯಾ ಅಲ್ ಹಬ್ಸಿಯಂಥವರು ತಲೆವಸ್ತ್ರದ ಮೇಲೆ ಟೋಪಿ ಧರಿಸಿ, ಕೊಲ್ಲಿಯ ಗಾಳಿಗೆ ಹಾಯಿ ಬಿಚ್ಚಿದ ಚಿತ್ರಗಳನ್ನು ಇಲ್ಲಿನ ಪತ್ರಿಕೆಗಳಲ್ಲಿ ಕಂಡಾಗ ನಮಗೂ ಬೆರಗಾಗಿತ್ತು. ಕಡಲ ನಾಡಿನ ಹುಡುಗಿ ಕಡಲಿಗಿಳಿದದ್ದು ಬೆರಗಿನ ವಿಷಯವಾಗಬೇಕಿತ್ತೇ ಎಂಬ ಪ್ರಶ್ನೆ ಆಮೇಲೆ ಹುಟ್ಟಿತು.

ದೋಣಿ ಕ್ರೀಡೆಗಳಲ್ಲಿ ನೀರಿನ ಮೇಲಿರುವವರಷ್ಟೇ ದಡದಲ್ಲಿರುವವರೂ ಮುಖ್ಯ. ಗಾಳಿ ಸಾಕೇ, ಆರಂಭದ ಗೆರೆ ಸರಿಯೇ, ಯಾರು ನಿಯಮ ಮೀರಿದರು ಎಂದು ತೀರ್ಮಾನಿಸುವವರು ಅವರು. ಮಕ್ಕಳಿಗೆ ದೋಣಿ ಒದಗಿಸುವವರೂ ಅವರೇ. ಆ ಕುರ್ಚಿಗಳಲ್ಲಿ ಹೆಣ್ಣುಮಕ್ಕಳು ಬಹಳ ಕಡಿಮೆ. ಈ ಮಾತಿಗೆ ನೆನಪಾಗುವ ಹೆಸರು ಶ್ರೀನಗರದ ಬಿಲ್ಕಿಸ್ ಮೀರ್ ಅವರದು. ಹಾಯಿಯಲ್ಲ, ಅವರ ಕ್ಷೇತ್ರ ಹುಟ್ಟು ಹಾಕುವ ಕನೂ ಮತ್ತು ಕಯಾಕ್. ಕಾಶ್ಮೀರದ ಸರೋವರಗಳಲ್ಲಿ ಕಲಿತು, 2009ರಲ್ಲಿ ಹಂಗೆರಿಯ ವಿಶ್ವಕಪ್‌ನಲ್ಲಿ ಭಾರತವನ್ನು ಪ್ರತಿನಿಧಿಸಿ, ಆಮೇಲೆ ತರಬೇತುದಾರರಾಗಿ, ಜಲಕ್ರೀಡೆಗಳ ಆಡಳಿತಗಾರ್ತಿಯಾಗಿ ಬೆಳೆದರು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ತೀರ್ಪುಗಾರರಾಗಿದ್ದ ಅವರು 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ತೀರ್ಪುಗಾರರ ಮಂಡಳಿಗೂ ಆಯ್ಕೆಯಾದರು. ಅಂಥವರು ಇನ್ನೂ ಹತ್ತು ಮಂದಿ ಇದ್ದಿದ್ದರೆ, ಉಡುಪಿಯ ಅಥವಾ ಕಾರವಾರದ ಹುಡುಗಿಯೊಬ್ಬಳು ಹಾಯಿ ಹಿಡಿಯಲು ಚೆನ್ನೈಯತ್ತಲೋ ಮುಂಬೈಯತ್ತಲೋ ನೋಡಬೇಕಾಗಿರಲಿಲ್ಲವೇನೋ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಸೈನಿಕರು ಹಾಯಿದೋಣಿ ಅಭ್ಯಾಸ ಮಾಡುತ್ತಾರೆ. ಮುನ್ನೂರು ಕಿಲೋಮೀಟರ್ ಮೀರಿದ ನಮ್ಮ ಕಡಲತೀರದ ಬೆಸ್ತರ ಮಕ್ಕಳಿಗೆ ಆ ಭಾಗ್ಯ ಸುಲಭವಾಗಿಲ್ಲ.

ನೇತ್ರಾ ಟೋಕಿಯೊದಲ್ಲಿ 44 ಮಂದಿಯಲ್ಲಿ 35ನೆಯವರಾದರು. ಮೂರು ವರ್ಷಗಳ ಬಳಿಕ ಪ್ಯಾರಿಸ್ ಕ್ರೀಡಾಕೂಟದ ಅಂಗವಾಗಿ ಮಾರ್ಸೇಲ್‌ನಲ್ಲಿ ನಡೆದ ಪಂದ್ಯಗಳಲ್ಲಿ 21ನೆಯವರು. ಪದಕದ ಪಟ್ಟಿ ಮಾತ್ರ ಓದುವವರಿಗೆ ಇವು ಕಾಣಿಸುವ ಸಂಖ್ಯೆಗಳಲ್ಲ.

ಕಳೆದ ಸಲ ಮುಸನ್ನಾಕ್ಕೆ ಹೋದಾಗ ಸಂಜೆಯ ಗಾಳಿ ಚೆನ್ನಾಗಿ ಬೀಸುತ್ತಿತ್ತು. ಪುಟ್ಟ ಬಿಳಿ ಹಾಯಿಗಳು ನಾಲ್ಕೈದು, ಹಿಂದೆ ಮೋಟಾರು ದೋಣಿಯಲ್ಲಿ ನಿಂತು ಕೂಗಿ ಹೇಳುತ್ತಿದ್ದ ತರಬೇತುದಾರ. ಒಂದು ದೋಣಿ ಮಗುಚಿತು. ಅದರಲ್ಲಿದ್ದ ಹುಡುಗಿ ಅಡಿಹಲಗೆಯ ಮೇಲೆ ಹತ್ತಿ ನಿಂತು, ತನ್ನ ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಹಾಯಿಯನ್ನು ನಿಧಾನವಾಗಿ ನೀರಿನಿಂದ ಮೇಲೆತ್ತಿದಳು. ನೀರು ಬಸಿಯುತ್ತಿದ್ದ ಹಾಯಿ ಮತ್ತೆ ಗಾಳಿ ತುಂಬಿಕೊಂಡಿತು. “ನಾನೂ ಕಲೀಬಹುದಾ, ಅಪ್ಪಾ?” ಎಂದು ನನ್ನ ಮಗಳು ಕೇಳಿದಳು. ಮೊದಲು ಈಜು ಕಲಿ ಎಂದೆ. ಈಗ ವಾರಕ್ಕೆ ಮೂರು ದಿನ ಹೋಗುತ್ತಿದ್ದಾಳೆ.