ಆಟೋಮ್ಯಾಟಿಕ್ ವಾಚ್ ನಾಡಿಮಿಡಿತದಿಂದ ಓಡುತ್ತದೆಯೇ?

ಮನೆಯ ಹಿರಿಯರು ತೀರಿಕೊಂಡ ಒಂದೆರಡು ದಿನಕ್ಕೆ ಅವರ ವಾಚೂ ನಿಂತಿತು ಎಂಬ ಮಾತನ್ನು ನೀವು ಕೇಳಿರಬಹುದು. ಆಟೋಮ್ಯಾಟಿಕ್ ವಾಚ್ ಓಡುವುದೇ ನಾಡಿಮಿಡಿತದಿಂದ, ನಾಡಿ ನಿಂತರೆ ಅದೂ ನಿಲ್ಲುತ್ತದೆ ಎಂದು ನಂಬುವವರೂ ಇದ್ದಾರೆ. ಇದು ನಿಜವಲ್ಲ.

ವಾಚಿನ ಒಳಗೆ ಏನಿದೆ?

ಬ್ಯಾಟರಿ ಇಲ್ಲದ ಹಳೆಯ ವಾಚುಗಳನ್ನು ಓಡಿಸುವುದು ಸುರುಳಿ ಸುತ್ತಿದ ಒಂದು ಸ್ಪ್ರಿಂಗ್. ಬಿಗಿಯಾದ ಸ್ಪ್ರಿಂಗ್ ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಅದನ್ನು ಮತ್ತೆ ಬಿಗಿ ಮಾಡುವ ಬಗೆಯಲ್ಲಷ್ಟೇ ವ್ಯತ್ಯಾಸ.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ತೆರೆದ ಎಚ್‌ಎಂಟಿ ಮುಂದೆ ಎರಡೂ ಬಗೆಯ ವಾಚ್ ಮಾಡಿತು. ಎಚ್‌ಎಂಟಿ ಜನತಾ ಕೈಯಿಂದ ಕೀ, ನಮ್ಮ ಕಡೆಯ ಮಾತಲ್ಲಿ ಚಾವಿ, ಕೊಡುವ ವಾಚ್. ಎಚ್‌ಎಂಟಿ ಕಾಂಚನ್ ಆಟೋಮ್ಯಾಟಿಕ್. ಆಟೋಮ್ಯಾಟಿಕ್ ವಾಚಿನೊಳಗೆ ಅರ್ಧಚಂದ್ರದ ಆಕಾರದ ಒಂದು ತೂಕದ ತುಂಡು ಇರುತ್ತದೆ. ನಾವು ಕೈ ಬೀಸಿ ನಡೆದಾಗ, ಕೆಲಸ ಮಾಡಿದಾಗ ಅದು ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಅಂದರೆ ಇಲ್ಲಿ ಚಾವಿ ಕೊಡುವುದು ಕೈಯ ಚಲನೆ. ನಾಡಿಮಿಡಿತಕ್ಕೆ ಆ ತುಂಡನ್ನು ತಿರುಗಿಸುವಷ್ಟು ಬಲವಿಲ್ಲ.

ಹಾಗಾದರೆ ವಾಚ್ ನಿಲ್ಲುವುದೇಕೆ?

ಪೂರ್ತಿ ಸುತ್ತಿದ ಸ್ಪ್ರಿಂಗ್ ಸಾಮಾನ್ಯವಾಗಿ 40 ಗಂಟೆಯ ಆಸುಪಾಸು ಓಡಿಸುತ್ತದೆ. ಕೈಯಿಂದ ಬಿಚ್ಚಿ ಕಪಾಟಿನಲ್ಲಿಟ್ಟ ಆಟೋಮ್ಯಾಟಿಕ್ ವಾಚ್ ಒಂದೆರಡು ದಿನಕ್ಕೆ ನಿಲ್ಲುತ್ತದೆ. ವಾಚಿನ ಒಡೆಯರು ನಂದೂರಿನ ಮನೆಯಲ್ಲಿ ಆರೋಗ್ಯವಾಗಿದ್ದರೂ ಅಷ್ಟೇ!

ಹಾಸಿಗೆ ಹಿಡಿದವರ ಕೈಯಲ್ಲೇ ವಾಚ್ ನಿಂತುಬಿಡಬಹುದು. ನಾಡಿ ಚೆನ್ನಾಗಿಯೇ ಇರುತ್ತದೆ, ಕೈ ಮಾತ್ರ ಹೆಚ್ಚು ಆಡುತ್ತಿರುವುದಿಲ್ಲ. ಅದನ್ನು ಅಪಶಕುನ ಎಂದುಕೊಂಡು ಗಾಬರಿಯಾಗಬೇಡಿ. ರೋಗಿಯ ಸ್ಥಿತಿ ತಿಳಿಯಲು ವೈದ್ಯರನ್ನು ಕೇಳಿ, ವಾಚನ್ನಲ್ಲ.

ಯಾವುದು ಉತ್ತಮ?

ಸಮಯ ತೋರಿಸುವುದರಲ್ಲಿ ಆಟೋಮ್ಯಾಟಿಕ್ ಹೆಚ್ಚು ನಿಖರ ಎಂಬುದಕ್ಕೆ ಆಧಾರವಿಲ್ಲ. ಎರಡೂ ದಿನಕ್ಕೆ ಕೆಲವು ಸೆಕೆಂಡು ಹಿಂದೆ ಮುಂದೆ ಆಗುವುದು ಸಹಜ. ಈ ಲೆಕ್ಕದಲ್ಲಿ ಬ್ಯಾಟರಿಯ ಕ್ವಾರ್ಟ್ಜ್ ವಾಚೇ ಮುಂದು. ಚಾವಿ ಕೊಡುವ ವಾಚಿನಲ್ಲಿ ಬಿಡಿಭಾಗ ಕಡಿಮೆ, ದಪ್ಪವೂ ಸಾಮಾನ್ಯವಾಗಿ ಕಡಿಮೆ. ದಿನವೂ ಕಟ್ಟಿಕೊಳ್ಳುವವರಿಗೆ ಆಟೋಮ್ಯಾಟಿಕ್ ಅನುಕೂಲ.

ಮನೆಯಲ್ಲಿ ಹಳೆಯ ವಾಚ್ ಇದ್ದರೆ

- ನಿಂತಿದೆ ಎಂದು ಗುಜರಿಗೆ ಹಾಕಬೇಡಿ. ಚಾವಿಯ ವಾಚಾದರೆ ನಿಧಾನವಾಗಿ ಚಾವಿ ಕೊಡಿ, ಬಿಗಿಯಾದ ಕೂಡಲೇ ನಿಲ್ಲಿಸಿ. ಬಲವಂತ ಮಾಡಿದರೆ ಒಳಗಿನ ಭಾಗ ಮುರಿಯಬಹುದು.
- ಆಟೋಮ್ಯಾಟಿಕ್ ಆದರೆ ಮೆಲ್ಲಗೆ ಅತ್ತಿತ್ತ ಆಡಿಸಿ. ಸೆಕೆಂಡ್ ಮುಳ್ಳು ಹೊರಟರೆ ಕಟ್ಟಿಕೊಂಡು ಓಡಾಡಿ.
- ಆಗಲೂ ಓಡದಿದ್ದರೆ ಒಳಗಿನ ಎಣ್ಣೆ ಒಣಗಿರಬಹುದು. ವಾಚ್ ರಿಪೇರಿಯವರಿಗೆ ತೋರಿಸಿ.

ಹಿರಿಯರು ಕಟ್ಟುತ್ತಿದ್ದ ವಾಚನ್ನು ಮನೆಯ ಮಕ್ಕಳು ಹೆದರದೆ ಕಟ್ಟಿಕೊಳ್ಳಬಹುದು. ನಾಡಿಮಿಡಿತದ ಕಥೆ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೆ ಬಂದರೆ ಈ ವಿವರವನ್ನೂ ಅಲ್ಲಿ ಹಂಚಿಕೊಳ್ಳಿ.